ಐದು ಮನೆಯ ಶ್ರುತಿ

ಗೌಹರ್ ಜಾನ್ ಹೆಸರನ್ನು ನಮ್ಮ ಅಜ್ಜಿಯರ ಕಾಲದವರು ಚೆನ್ನಾಗಿ ಬಲ್ಲರು. ಕಲ್ಕತ್ತೆಯಲ್ಲಿ ಮೆರೆದ ಈ ಗಾಯಕಿ ಬಾಳಿನ ಇಳಿಗಾಲದಲ್ಲಿ ನಮ್ಮ ಮೈಸೂರಿಗೆ ಬಂದರು. 1928ರಲ್ಲಿ ಅರಮನೆಯ ಆಸ್ಥಾನ ಸೇರಿದರು. ಎರಡು ವರ್ಷ ತುಂಬುವ ಮೊದಲೇ, 1930ರ ಜನವರಿ 17ರಂದು, ಅಲ್ಲೇ ತೀರಿಕೊಂಡರು. ಆದರೆ ಅವರ ದನಿ ಉಳಿದಿದೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಅವರ ಹಾಡನ್ನು ತಟ್ಟೆಗೆ ಇಳಿಸಿಕೊಂಡ. ಮೂರು ನಿಮಿಷದೊಳಗೆ ಒಂದು ರಾಗವನ್ನು ಹಿಡಿದು, ಹಾಡಿ, ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಾರೆ. ಅದು ಠೀವಿಗಾಗಿ ಹೇಳಿದ್ದಲ್ಲ. ತಟ್ಟೆಗಳನ್ನು ಒತ್ತುತ್ತಿದ್ದದ್ದು ದೂರದ ಜರ್ಮನಿಯ ಹನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಯಾವುದು ಎಂದು ಗೊತ್ತಾಗಬೇಕಲ್ಲ!

ಗೌಹರ್ ಜಾನ್ ಯಾವ ಶ್ರುತಿಯಲ್ಲಿ ಹಾಡುತ್ತಿದ್ದರು? ಕೇಳಲು ಸುಲಭವಾದ ಪ್ರಶ್ನೆ. ತಟ್ಟೆ ಹಾಕಿ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ನೋಡಿದರಾಯಿತು ಎನ್ನಬಹುದು. ಹಾಗಾಗುವುದಿಲ್ಲ. ಆ ಕಾಲದಲ್ಲಿ ನಿಮಿಷಕ್ಕೆ 78 ಸುತ್ತು ಎಂಬ ಕಟ್ಟುನಿಟ್ಟು ಇನ್ನೂ ಬಂದಿರಲಿಲ್ಲ. ಒಂದು ತಟ್ಟೆ ಎಪ್ಪತ್ತರ ಹತ್ತಿರ ತಿರುಗುತ್ತಿದ್ದರೆ ಇನ್ನೊಂದು ಎಂಬತ್ತರ ಹತ್ತಿರ ತಿರುಗುತ್ತಿತ್ತು. ಧ್ವನಿಮುದ್ರಣ ಮಾಡಿದಾಗ ಇದ್ದ ವೇಗ ಒಂದು, ನಾವು ನುಡಿಸುವಾಗಿನ ವೇಗ ಇನ್ನೊಂದು ಆದರೆ ಶ್ರುತಿ ಹೋಯಿತು. ಸೆಲ್ ಇಳಿದ ಟೇಪ್‌ರೆಕಾರ್ಡರಿನಲ್ಲಿ ಎಸ್. ಜಾನಕಿಯವರ ದನಿ ಗಂಡಸಿನ ದನಿಯಾಗುವುದನ್ನು ನಮ್ಮ ವಯಸ್ಸಿನವರೆಲ್ಲ ಕೇಳಿ ನಕ್ಕವರೇ. ಲೆಕ್ಕದಲ್ಲಿ ಹೇಳುವುದಾದರೆ, ವೇಗ ನೂರಕ್ಕೆ ಸುಮಾರು ಆರರಷ್ಟು ಹೆಚ್ಚಾದರೆ ಸಾಕು, ಶ್ರುತಿ ಅರ್ಧ ಮನೆ ಮೇಲೇರುತ್ತದೆ.

ಸಂಗೀತದ ಪಾಠಕ್ಕೆ ಹೋಗದ ಓದುಗರಿಗಾಗಿ ಈ 'ಮನೆ'ಯ ವಿಷಯ ಹೇಳಿಬಿಡುತ್ತೇನೆ. ಹಾರ್ಮೋನಿಯಂನ ಒಂದೊಂದು ಬಿಳಿ ಕೀಲಿಯೂ ಒಂದೊಂದು ಮನೆ. ಅವುಗಳ ನಡುವಿನ ಕಪ್ಪು ಕೀಲಿಗಳು ಅರ್ಧದ ಲೆಕ್ಕ. ಒಂದು, ಒಂದೂವರೆ, ಎರಡು ಎಂದು ಎಣಿಸುತ್ತಾರೆ. ಗಂಡಸರ ದನಿಗೆ ಸಾಮಾನ್ಯವಾಗಿ ಒಂದು, ಎರಡು ಮನೆ ಹಿತ. ಹೆಂಗಸರಿಗೆ ಐದು, ಐದೂವರೆ, ಆರು. ಯಾರಿಗೆ ಎಷ್ಟು ಎಂಬುದನ್ನು ಪುಸ್ತಕ ಹೇಳುವುದಿಲ್ಲ, ಅವರವರ ಗಂಟಲೇ ಹೇಳಬೇಕು. ಒಮ್ಮೆ ಗೊತ್ತಾದ ಮೇಲೆ ಅದು ಚಪ್ಪಲಿಯ ಅಳತೆಯಿದ್ದ ಹಾಗೆ. ಅರ್ಧ ಮನೆ ಹೆಚ್ಚಾದರೂ ಕಡಿಮೆಯಾದರೂ ಕಚ್ಚುತ್ತದೆ.

ಹಿಂದೆ ಈ ಅಳತೆಯನ್ನು ಕಾಯುತ್ತಿದ್ದದ್ದು ತಂಬೂರಿ. ನಾಲ್ಕು ತಂತಿ, ನಾಲ್ಕು ಬಿರಡೆ, ಕೆಳಗೆ ಸಣ್ಣ ಹೊಂದಾಣಿಕೆಗೆ ಮಣಿಗಳು. ಇವುಗಳ ಜೊತೆಗೆ ಕುದುರೆಯ ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ತುಂಡು ದಾರವನ್ನು ಮರೆಯುವ ಹಾಗಿಲ್ಲ. ಅದಕ್ಕೆ ಜೀವಾಳ ಎಂದು ಹೆಸರಿಟ್ಟವರು ಯಾರೋ, ಅವರ ಕೈಗೆ ಬಂಗಾರದ ಬಳೆ ತೊಡಿಸಬೇಕು. ಆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಸತ್ತಂತಿದ್ದ ತಂತಿ ಝೇಂಕರಿಸಲು ಶುರುಮಾಡುತ್ತದೆ. ಸಿ. ವಿ. ರಾಮನ್ ಅವರು 1921ರಲ್ಲಿ ನಮ್ಮ ತಂಬೂರಿ ಮತ್ತು ವೀಣೆಯ ಈ ಗುಣದ ಮೇಲೆ ಒಂದು ಪ್ರಬಂಧವನ್ನೇ ಬರೆದರು. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಸ್ವರಾಂಶ ಕೇಳಿಸಬಾರದು ಎಂದು ಯುರೋಪಿನ ವಿಜ್ಞಾನಿಗಳು ನಿಯಮ ಮಾಡಿದ್ದರೋ, ಅದೂ ಈ ವಾದ್ಯಗಳಲ್ಲಿ ಕೇಳಿಸುತ್ತದೆ, ಅದಕ್ಕೆ ಕಾರಣ ಬಾಗಿದ ಅಗಲವಾದ ಆ ಕುದುರೆ ಎಂದು ತೋರಿಸಿದರು. ಅವರು ಬೆಂಗಳೂರಿಗೆ ಬಂದು ನೆಲೆಸಿದ್ದು ಆಮೇಲೆ, 1933ರಲ್ಲಿ.

ಹುಬ್ಬಳ್ಳಿ ಧಾರವಾಡದ ಕಡೆಯವರಿಗೆ ತಂಬೂರಿಯೆಂದರೆ ಮಿರಜ್. ಗಡಿಯಾಚೆಯ ಆ ಊರಿನಲ್ಲಿ ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯಗಳ ರಿಪೇರಿಗೆ ಕೈಹಾಕಿ, ರಿಪೇರಿ ಮಾಡುತ್ತ ಮಾಡುತ್ತ ವಾದ್ಯ ತಯಾರಕರೇ ಆಗಿಬಿಟ್ಟರು. ಅವರ ತಂಬೂರಿಗೂ ಸಿತಾರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನನಗೆ ಇಷ್ಟವಾಗುವುದು ಆ ಮಾನ್ಯತೆಗಿಂತ ಅವರ ಮೊದಲ ಕಸುಬು. ಕೆಟ್ಟದ್ದನ್ನು ಬಿಚ್ಚಿ ನೋಡಿದವರಿಗೇ ಅದನ್ನು ಕಟ್ಟುವುದೂ ಬಂತು.

ತಂಬೂರಿ ಮೀಟುವವರು ಯಾರು ಎಂಬುದು ಇನ್ನೊಂದು ಕಥೆ. ಹಳೆಯ ಕಚೇರಿಗಳ ಫೋಟೋ ತೆಗೆದು ನೋಡಿ. ಮುಂದೆ ವಿದ್ವಾಂಸರು, ಎಡಕ್ಕೆ ಬಲಕ್ಕೆ ಪಿಟೀಲು, ಮೃದಂಗ. ಹಿಂದೆ ನೆರಳಿನಲ್ಲಿ ತಂಬೂರಿ ಹಿಡಿದು ತಲೆ ತಗ್ಗಿಸಿ ಕೂತ ಒಬ್ಬಳು ಶಿಷ್ಯೆ. ಎಷ್ಟೋ ಫೋಟೋಗಳ ಕೆಳಗೆ ಅವಳೊಬ್ಬಳ ಹೆಸರೇ ಇರುವುದಿಲ್ಲ. ಮೂರು ಗಂಟೆ ಕಾಲ ಶ್ರುತಿಯನ್ನು ಬೀಳಗೊಡದೆ ಕಾದವಳು ಅವಳು. ಕಚೇರಿ ಮುಗಿದ ಮೇಲೆ ಹಾರ ಬೀಳುತ್ತಿದ್ದದ್ದು ಮಿಕ್ಕವರಿಗೆ.

ಮನೆಯಲ್ಲಿ ಅಭ್ಯಾಸ ಮಾಡುವ ಹೆಂಗಸಿಗೆ ತಂಬೂರಿ ಮೀಟಲು ಯಾರು ಸಿಗುತ್ತಾರೆ? ಅದಕ್ಕೇ ತಿದಿಯ ಶ್ರುತಿಪೆಟ್ಟಿಗೆ ಬಂತು. ಒಂದು ಕೈಯಲ್ಲಿ ತಿದಿ, ಇನ್ನೊಂದು ಕೈಯಲ್ಲಿ ತಾಳ, ಸೀರೆಯ ಸೆರಗು ಎಳೆಯುವ ಮಗು ಬೇರೆ. ಅದರ ಅಣ್ಣ ಹಾರ್ಮೋನಿಯಂ ಅನ್ನು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ತನ್ನ ಕೇಂದ್ರಗಳಿಂದ ಹೊರಗಿಟ್ಟಿತ್ತು. ನಮ್ಮ ಸಂಗೀತದ ಸೂಕ್ಷ್ಮ ಅದಕ್ಕೆ ಬಾರದು ಎಂಬ ವಾದ. ಎಪ್ಪತ್ತರ ದಶಕದಲ್ಲಿ ಆ ಕಟ್ಟು ಸಡಿಲವಾಯಿತು. (ಅಂದಹಾಗೆ, ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ದೆಹಲಿಯಲ್ಲಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಶುರುಮಾಡಿದ ರೇಡಿಯೋ ಕೇಂದ್ರದ ಹೆಸರು ಅದು.)

ಆಮೇಲೆ ಬಂದದ್ದು ನಮ್ಮ ಬೆಂಗಳೂರಿನ ಕೊಡುಗೆ. 1970ರ ದಶಕದ ಕೊನೆಯಲ್ಲಿ ಜಿ. ರಾಜ್‌ನಾರಾಯಣ್ ಎಂಬ ಎಂಜಿನಿಯರು, ತಾವೇ ಕೊಳಲು ನುಡಿಸುವವರು, ವಿದ್ಯುತ್ತಿನಿಂದ ನಾದ ಹೊರಡಿಸುವ ತಂಬೂರಿಯನ್ನು ಮಾಡಿ, ರಾಡೆಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಟ್ರಾನ್ಸಿಸ್ಟರಿನಷ್ಟು ದೊಡ್ಡ ಪೆಟ್ಟಿಗೆ, ಮೂರು ನಾಲ್ಕು ತಿರುಪು. ಮೊದಮೊದಲು ಮೂಗು ಮುರಿದವರು ಬೇಕಾದಷ್ಟು ಜನ. ಜೀವಾಳವಿಲ್ಲದ ನಾದ, ಜೇನುಹುಳದ ಗುಂಯ್‌ಗುಡುವಿಕೆ ಎಂದರು. ಹೆಂಗಸರು ಹಾಗೆನ್ನಲಿಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟು, ಪೆಟ್ಟಿಗೆಯ ತಿರುಪು ತಿರುಗಿಸಿ, ಎರಡೂ ಕೈ ಖಾಲಿ ಇಟ್ಟುಕೊಂಡು ಹಾಡಬಹುದು ಎಂದರೆ ಸಣ್ಣ ಮಾತೇ? ನನ್ನ ಲೆಕ್ಕದಲ್ಲಿ ನಮ್ಮ ಮನೆಗಳಿಗೆ ಮಿಕ್ಸಿ ಮಾಡಿದ ಉಪಕಾರಕ್ಕಿಂತ ಇದು ಕಡಿಮೆಯದಲ್ಲ. ಕೆಟ್ಟರೆ ಎಸ್. ಪಿ. ರೋಡಿನಲ್ಲಿ ರೇಡಿಯೋ ರಿಪೇರಿ ಮಾಡುವವನು ಬೆಸುಗೆಯ ಕಡ್ಡಿ ಹಿಡಿದು ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುತ್ತಿದ್ದ.

ಅಲ್ಲಿಗೆ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ. ಶ್ರುತಿ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಹೋಯಿತು, ಅಲ್ಲಿಂದ ಫೋನಿಗೆ. ಈಗ ತಂಬೂರಿ ಎಂದರೆ ಒಂದು ಪ್ರೋಗ್ರಾಂ. ಅದಕ್ಕೆ ಬಿರಡೆಯೂ ಇಲ್ಲ, ಬೆಸುಗೆಯೂ ಇಲ್ಲ. ಕೆಟ್ಟರೆ ಯಾರ ಬಳಿಗೆ ಒಯ್ಯಬೇಕು ಎಂಬ ಪ್ರಶ್ನೆ ನಮ್ಮ ನಾಗಸಂದ್ರದ ಒಂದು ಮನೆಯಲ್ಲಿ ಎದ್ದಿತು. ಅದನ್ನೇ ಹೇಳಬೇಕೆಂದು ಹೊರಟೆ.

ನಾಗಸಂದ್ರ ತುಮಕೂರು ರಸ್ತೆಯ ಮೇಲಿದೆ. ಬೆಂಗಳೂರಿನವರಿಗೆ ಬಹುಕಾಲ ಅದು ಮೆಟ್ರೋದ ಕೊನೆಯ ನಿಲ್ದಾಣ. 2015ರ ಮೇ 1ರಂದು ಇಲ್ಲಿಗೆ ರೈಲು ಬಂತು, 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮುಂದಕ್ಕೆ ಹೋಯಿತು. ಪಕ್ಕದಲ್ಲಿ ಪೀಣ್ಯ. ಸಣ್ಣ ಕೈಗಾರಿಕೆಗಳ ಸಂತೆಯಂತಿರುವ ಜಾಗ. ಲೇತು, ಮಿಲ್ಲಿಂಗು, ಪ್ರೆಸ್ಸು, ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದಲ್ಲ ಒಂದು ಶಬ್ದ. ಇಂಥ ಕಡೆ ಸಂಗೀತದ ಪಾಠವೇ ಎನ್ನಬೇಡಿ. ನಮ್ಮ ಬೀದಿಯಲ್ಲಿ ಒಬ್ಬರು ಮೇಡಂ ಇದ್ದಾರೆ. ಎಪ್ಪತ್ತು ದಾಟಿದೆ. ಎರಡು ತಲೆಮಾರಿನ ಹುಡುಗಿಯರು ಅವರ ಮನೆಯ ಜಗಲಿಯಲ್ಲಿ ಸರಳೆ ವರಸೆ ಕಲಿತಿದ್ದಾರೆ. ಗಾರ್ಮೆಂಟ್ಸಿಗೆ ಹೋಗುವವರ ಮಕ್ಕಳೂ ಇದ್ದಾರೆ, ಫ್ಯಾಕ್ಟರಿ ಮಾಲೀಕರ ಮಕ್ಕಳೂ ಇದ್ದಾರೆ. ನಮ್ಮ ಶಾಲೆಯ ಹುಡುಗಿಯರೇ ಅರ್ಧಕ್ಕರ್ಧ.

2020ರ ಲಾಕ್‌ಡೌನಿನಲ್ಲಿ ಪಾಠ ನಿಂತಾಗ, ಅವರ ಮೊಮ್ಮಗ ಊರಿಗೆ ಹೋಗುವ ಮುನ್ನ ಕಂಪ್ಯೂಟರಿನಲ್ಲಿ ಒಂದು ಸಂಗೀತದ ಪ್ರೋಗ್ರಾಂ ಹಾಕಿ, ಮೈಕು ಕೊಟ್ಟು, ಹೇಗೆ ರೆಕಾರ್ಡು ಮಾಡುವುದೆಂದು ಹೇಳಿಕೊಟ್ಟು ಹೋದ. ಒಂದು ಸಾಲಿನಲ್ಲಿ ತಂಬೂರಿ, ಇನ್ನೊಂದು ಸಾಲಿನಲ್ಲಿ ತಾಳ, ಮೂರನೆಯದರಲ್ಲಿ ಮೇಡಂ ದನಿ. ಸರಳೆಯಿಂದ ಹಿಡಿದು ಪಿಳ್ಳಾರಿ ಗೀತೆ, ಸ್ವರಜತಿ, ವರ್ಣ, ದೇವರನಾಮಗಳವರೆಗೆ ಅರವತ್ತೆರಡು ಪಾಠಗಳನ್ನು ಅವರು ಒಬ್ಬರೇ ಕೂತು ಹಾಡಿ ತುಂಬಿದರು. ಎಲ್ಲವೂ ಐದು ಮನೆ. ಯಾವ ಪಾಠ ಎಷ್ಟು ನಿಮಿಷ, ಎಷ್ಟು ಸೆಕೆಂಡ್ ಎಂದು ತಮ್ಮ ಹಳೆಯ ಎಚ್‌ಎಂಟಿ ಕೈಗಡಿಯಾರ ನೋಡಿ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಅದನ್ನು ಯಾಕೆ ಬರೆಯುತ್ತೀರಿ ಎಂದು ನಾನೇ ಒಮ್ಮೆ ಕೇಳಿದ್ದೆ. "ಹಾಲಿನ ಲೆಕ್ಕ ಬರೆಯಲ್ವಾ, ಇದೂ ಹಾಗೇ" ಎಂದಿದ್ದರು.

2022ರಲ್ಲಿ ಅವರ ಗಂಟಲಿಗೆ ಆಪರೇಷನ್ ಆಯಿತು. ಜೀವಕ್ಕೆ ಅಪಾಯವಾಗಲಿಲ್ಲ. ದನಿ ಮಾತ್ರ ಮೊದಲಿನಂತಾಗಲಿಲ್ಲ. ಮಾತು ಆಡುತ್ತಾರೆ, ಹಾಡಿದರೆ ಮೇಲಿನ ಷಡ್ಜ ಮುಟ್ಟುವಾಗ ಒಡೆಯುತ್ತದೆ. ಅಂದಿನಿಂದ ಪಾಠವೆಂದರೆ ಮೇಡಂ ಕೂತಿರುತ್ತಾರೆ, ಕಂಪ್ಯೂಟರು ಹಾಡುತ್ತದೆ, ಹುಡುಗಿಯರು ಹಿಂದಿನಿಂದ ಹೇಳುತ್ತಾರೆ, ತಪ್ಪಿದಲ್ಲಿ ಮೇಡಂ ಕೈ ತೋರಿಸಿ ತಿದ್ದುತ್ತಾರೆ. ಆ ಅರವತ್ತೆರಡು ಪಾಠಗಳ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ಅವರ ದನಿ ಇದ್ದದ್ದು ಅಲ್ಲಿ ಮಾತ್ರ.

2023ರ ಜನವರಿ, ಪುಷ್ಯ ಮಾಸ. ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ. ಅದಕ್ಕೆ ಹುಡುಗಿಯರು ಅಭ್ಯಾಸ ಮಾಡುತ್ತಿದ್ದಾಗಲೇ ಒಂದು ರಾತ್ರಿ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಶುರುಮಾಡಿತು. ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಮುದಿಯಾಗಿತ್ತು, ಎರಡು ನಿಮಿಷ ಕೂಗಿ ಅದೂ ಸುಮ್ಮನಾಯಿತು. ಬೆಳಿಗ್ಗೆ ನೋಡಿದರೆ ಬದಲಾವಣೆಗಳನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಒಂದು ಗಂಟೆ ಚಕ್ರ ತಿರುಗಿಸಿತು. ಕೊನೆಗೆ ತೆರೆದುಕೊಂಡಾಗ ಸಂಗೀತದ ಪ್ರೋಗ್ರಾಂ ಮಾತ್ರ ಏಳಲೊಲ್ಲದು. ಶಬ್ದದ ಸಾಧನವೇ ಇಲ್ಲ ಎಂದು ಹೇಳಿ ಮುಚ್ಚಿಕೊಳ್ಳುತ್ತಿತ್ತು.

ಇದು ನಮ್ಮೊಬ್ಬರ ಹಣೆಬರಹವಲ್ಲ. ಅಪ್‌ಡೇಟ್ ಎಂಬುದರ ಚರಿತ್ರೆಯನ್ನು ಆಮೇಲೆ ತೆಗೆದು ನೋಡಿದೆ. 2017ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯ ಫೋನುಗಳಿಗೆ ಹೊಸ ಆವೃತ್ತಿ ಬಂದಾಗ, ಹಳೆಯ ಬಗೆಯಲ್ಲಿ ಬರೆದ ಪ್ರೋಗ್ರಾಂಗಳು ಒಂದೇ ಸಲಕ್ಕೆ ತೆರೆಯದಾದವು. 2018ರ ಅಕ್ಟೋಬರಿನಲ್ಲಿ ವಿಂಡೋಸ್‌ನ ಅಪ್‌ಡೇಟ್ ಒಂದು ಕೆಲವರ ಕಂಪ್ಯೂಟರಿನಿಂದ ಫೋಟೋ, ಹಾಡು, ಕಾಗದಪತ್ರಗಳನ್ನೇ ಅಳಿಸಿಹಾಕಿ, ನಾಲ್ಕು ದಿನದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದೇ ತಿಂಗಳು ತಪ್ಪಾಗಿ ಕಳಿಸಿದ ಒಂದು ಡ್ರೈವರಿನಿಂದ ಎಷ್ಟೋ ಕಂಪ್ಯೂಟರುಗಳ ಶಬ್ದವೇ ಹೋಗಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಅಪ್‌ಡೇಟಿನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟದ್ದು ಪೇಪರಿನಲ್ಲಿ ನೀವೂ ಓದಿರುತ್ತೀರಿ. ಹಾಗೆಂದು ಅಪ್‌ಡೇಟೇ ಬೇಡವೆಂದರೂ ಆಗದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತಿನ ಆಸ್ಪತ್ರೆ, ಕಚೇರಿಗಳನ್ನೆಲ್ಲ ಹಿಡಿದುಕೊಂಡಾಗ ಸಿಕ್ಕಿಬಿದ್ದವರು, ಎರಡು ತಿಂಗಳ ಮುಂಚೆಯೇ ಬಂದಿದ್ದ ಅಪ್‌ಡೇಟನ್ನು ಹಾಕಿಕೊಳ್ಳದೆ ಇದ್ದವರು.

ಮೇಡಂ ಮನೆಗೆ ನಾನು ಕರೆದುಕೊಂಡು ಹೋದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು. ಪೀಣ್ಯದಲ್ಲಿ ಸಿಎನ್‌ಸಿ ಯಂತ್ರಗಳ ರಿಪೇರಿ ಅವನ ಕೆಲಸ. ಶಾಲೆಯಲ್ಲಿದ್ದಾಗ ಸಮಾಜದಲ್ಲಿ ಮೂವತ್ತೈದು ದಾಟಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಅವನು ಕಂಪ್ಯೂಟರಿನ ಮುಂದೆ ಕೂರುವ ಮೊದಲು ಇಂಟರ್‌ನೆಟ್ಟಿನ ತಂತಿ ಕಿತ್ತ.

"ಯಾಕೋ ಅದನ್ನ ಕಿತ್ತೆ?"

"ಮಿಸ್, ನಮ್ಮ ಕಡೆ ಇಪ್ಪತ್ತು ವರ್ಷದ ಮೆಷಿನ್ ಇದಾವೆ. ಒಳಗಿರೋ ಕಂಪ್ಯೂಟರೂ ಅಷ್ಟೇ ಹಳೇದು. ನೆಟ್ಟಿಗೆ ಹಾಕಲ್ಲ, ಅಪ್‌ಡೇಟ್ ಮಾಡಲ್ಲ, ಕೆಲಸ ಮಾಡ್ತಾನೇ ಇರ್ತಾವೆ. ಮೊದಲು ಇದು ಇನ್ನಷ್ಟು ಕೆಡೋದನ್ನ ನಿಲ್ಲಿಸ್ಬೇಕು."

ಆಮೇಲೆ ಅವನು ಮಾಡಿದ ಎರಡನೆಯ ಕೆಲಸ, ಏನನ್ನೂ ಮುಟ್ಟದೆ ಆ ಅರವತ್ತೆರಡು ಪಾಠಗಳ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡದ್ದು. ಮೇಡಂ ಅಲ್ಲಿಯವರೆಗೆ ಹಿಡಿದಿದ್ದ ಉಸಿರು ಬಿಟ್ಟರು. ಅದು ನನಗೆ ಕೇಳಿಸಿತು.

ತೊಂದರೆ ಡ್ರೈವರಿನಲ್ಲಿ ಎಂದು ಅವನು ಕಂಡುಹಿಡಿದ. ಡ್ರೈವರೆಂದರೆ ಕಂಪ್ಯೂಟರಿಗೂ ಶಬ್ದ ಹೊರಡಿಸುವ ಚಿಪ್ಪಿಗೂ ನಡುವಿನ ದುಭಾಷಿ ಎಂದಿಟ್ಟುಕೊಳ್ಳಿ. ಅರ್ಧಕ್ಕೆ ನಿಂತ ಅಪ್‌ಡೇಟ್ ಹಳೆಯ ದುಭಾಷಿಯನ್ನು ಮನೆಗೆ ಕಳಿಸಿತ್ತು, ಹೊಸಬ ಬಂದಿರಲಿಲ್ಲ. ಅವನು ಎಲ್ಲ ಕಂಪ್ಯೂಟರಿಗೂ ಸಲ್ಲುವಂಥ ಒಂದು ಸಾಮಾನ್ಯ ಡ್ರೈವರನ್ನು ಹಾಕಿದ. ಪ್ರೋಗ್ರಾಂ ತೆರೆಯಿತು. ಒಂದು ಗೀತೆ ಹಾಕಿದ. ತಂಬೂರಿ ಮಿಡಿಯಿತು, ಮೇಡಂ ದನಿ ಬಂತು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ.

"ಇದು ನನ್ನ ದನಿಯಲ್ಲಪ್ಪ" ಎಂದರು ಮೇಡಂ.

"ನಿಮ್ದೇ ಅಮ್ಮ, ಫೈಲ್ ಅದೇ ಇದೆ ನೋಡಿ, ಹೆಸರೂ ಅದೇ."

"ಹೆಸರು ನನ್ನದೇ ಇರಬಹುದು. ಶ್ರುತಿ ನನ್ನದಲ್ಲ. ಐದೂವರೆ ದಾಟಿದೆ, ಆರಕ್ಕೆ ಮುಟ್ಟಿಲ್ಲ. ಯಾವ ಮನೆಗೂ ಸೇರದ ಶ್ರುತಿ ಇದು."

ನಮ್ಮಿಬ್ಬರ ಕಿವಿಗೂ ಏನೂ ವ್ಯತ್ಯಾಸ ತಿಳಿಯಲಿಲ್ಲ. ಹುಡುಗ ಪರದೆ ತೋರಿಸಿದ. ಎಲ್ಲವೂ ಸರಿಯಿತ್ತು. ತಂಬೂರಿಯ ಮುಂದೆ ಐದು ಎಂದೇ ಬರೆದಿತ್ತು, ಪಾಠದ ಅವಧಿ 4 ನಿಮಿಷ 20 ಸೆಕೆಂಡ್ ಎಂದೇ ತೋರಿಸುತ್ತಿತ್ತು. ಮೇಡಂ ಎದ್ದು ಹೋಗಿ ಬೀರುವಿನಿಂದ ಒಂದು ಪಿಚ್ ಪೈಪ್ ತಂದರು. ಬಿಸ್ಕತ್ತಿನ ಅಗಲದ ಗುಂಡನೆಯ ಊದುವ ಸಾಧನ, ಅವರು ಕಲಿಯುವ ಕಾಲದ್ದು. ಐದನೆಯದನ್ನು ಊದಿದರು. ಕಂಪ್ಯೂಟರಿನ ತಂಬೂರಿ ಒಂದು ಕಡೆ, ಇದು ಒಂದು ಕಡೆ. ಎರಡೂ ಸೇರಿ ಹಲ್ಲು ಚಳಿಗೊಳಿಸುವ ಅಪಸ್ವರ ಎದ್ದಾಗ ನಮಗೂ ಗೊತ್ತಾಯಿತು.

ಆಮೇಲೆ ಆ ನೂರು ಪುಟದ ನೋಟ್‌ಬುಕ್ಕು ಬಂತು. ಪರದೆಯ ಮಾತು ಬಿಟ್ಟು ಕೈಗಡಿಯಾರ ಹಿಡಿದು ಅದೇ ಪಾಠವನ್ನು ಮೊದಲಿಂದ ಕೊನೆಯವರೆಗೆ ಕೇಳಿದೆವು. 3 ನಿಮಿಷ 59 ಸೆಕೆಂಡಿಗೆ ಮುಗಿದುಹೋಯಿತು. ಇಪ್ಪತ್ತೊಂದು ಸೆಕೆಂಡ್ ಎಲ್ಲಿ ಹೋದವು? ಗಣಿತ ನನ್ನ ವಿಷಯವಲ್ಲ, ಆದರೂ ಕೂತು ನೋಡಿದೆ. ಹುಡುಗ ಫೋನಿನಲ್ಲಿ 260ನ್ನು 239ರಿಂದ ಭಾಗಿಸಿದವನು ಎದ್ದು ನಿಂತುಬಿಟ್ಟ. "ಮಿಸ್, ನಲವತ್ತೆಂಟು ಸಾವಿರ!" ಎಂದ.

ವಿಷಯ ಹೀಗಿದೆ. ಕಂಪ್ಯೂಟರು ದನಿಯನ್ನು ತಂತಿಯ ಹಾಗೆ ಎಳೆದಿಡುವುದಿಲ್ಲ, ಕೊಚ್ಚಿ ಚೂರು ಮಾಡಿ ಇಡುತ್ತದೆ. 1980ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸಿ.ಡಿ. ತಟ್ಟೆಗೆ ಗೊತ್ತುಮಾಡಿದ ಲೆಕ್ಕ ಸೆಕೆಂಡಿಗೆ 44,100 ಚೂರು. ಆ ವಿಚಿತ್ರ ಸಂಖ್ಯೆ ಬಂದದ್ದು, ಆಗ ಡಿಜಿಟಲ್ ದನಿಯನ್ನು ವಿಡಿಯೋ ಟೇಪಿನ ಮೇಲೆ ಇಡುತ್ತಿದ್ದರು ಎಂಬ ಕಾರಣಕ್ಕೆ. ಸಿನಿಮಾ, ವಿಡಿಯೋ ಲೋಕದವರು 48,000ದ ಲೆಕ್ಕ ಹಿಡಿದರು. ಎರಡು ಪಂಗಡ ಇಂದಿಗೂ ಇದೆ. ಮೇಡಂ ಪಾಠಗಳೆಲ್ಲ 44,100ರಲ್ಲಿದ್ದವು. ಹೊಸ ಡ್ರೈವರು 48,000ದಲ್ಲಿ ಓಡುತ್ತಿತ್ತು. ಹಳೆಯ ಪ್ರೋಗ್ರಾಮಿಗೆ ಅದು ಗೊತ್ತಾಗದೆ ತನ್ನ ಚೂರುಗಳನ್ನು ಹಾಗೇ ಒಪ್ಪಿಸುತ್ತಿತ್ತು. ಒಂದು ಸೆಕೆಂಡಿಗೆ ಇಟ್ಟದ್ದು ಒಂದು ಸೆಕೆಂಡಿಗೆ ಮೊದಲೇ ಖರ್ಚಾಗುತ್ತಿತ್ತು. ವೇಗ ನೂರಕ್ಕೆ ಒಂಬತ್ತರ ಹತ್ತಿರ ಹೆಚ್ಚು, ಶ್ರುತಿ ಐದೂವರೆ ದಾಟಿ ಆರಕ್ಕೆ ಮುಟ್ಟದೆ ನಿಂತಿತ್ತು. ಮೇಡಂ ಕಿವಿ ಹೇಳಿದ್ದೂ ಅದನ್ನೇ.

ಕಾರಣ ಗೊತ್ತಾದ ಮೇಲೆ ರಿಪೇರಿ ದೊಡ್ಡದಲ್ಲ. ಕಂಪ್ಯೂಟರು ಕೊಂಡಾಗ ಪೆಟ್ಟಿಗೆಯೊಳಗೆ ಒಂದು ಸಿ.ಡಿ. ಬಂದಿತ್ತು. ಮೇಡಂ ಅದನ್ನು ಗ್ಯಾಸಿನ ಪುಸ್ತಕ, ಎಲ್‌ಐಸಿ ಬಾಂಡುಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದರು. ಅದರಲ್ಲಿ ಆ ಚಿಪ್ಪಿನ ಮೂಲ ಡ್ರೈವರು ಸಿಕ್ಕಿತು. ಸಾಮಾನ್ಯ ಡ್ರೈವರನ್ನು ತೆಗೆದು ಅದನ್ನು ಹಾಕಿ, ಶಬ್ದದ ಸೆಟ್ಟಿಂಗಿನಲ್ಲಿ 44,100 ಎಂದು ಆರಿಸಿ, ಕಂಪ್ಯೂಟರನ್ನು ಆರಿಸಿ ಹಚ್ಚಿದ. ಈ ಸಲ ಹುಡುಗ ತಾನಾಗಿ ಸರಿಯಾಯಿತು ಎನ್ನಲಿಲ್ಲ. ಪಿಚ್ ಪೈಪನ್ನು ಮೇಡಂ ಕೈಗೆ ಕೊಟ್ಟು ನಿಂತ. ಅವರು ಊದಿದರು, ಎರಡು ನಾದ ಒಂದಾಗಿ ಕೋಣೆಯಲ್ಲಿ ತಂಬೂರಿಯೊಂದೇ ಉಳಿಯಿತು. ಮೇಡಂ ಕಣ್ಣು ಒರೆಸಿಕೊಂಡು, "ಕಾಫಿ ಕುಡಿಯದೆ ಹೋಗಬೇಡಪ್ಪ" ಎಂದರು.

ನಾವು ಅಂದು ಮಾಡಿದ ಲೆಕ್ಕವನ್ನೇ ದೂರದ ನ್ಯೂಜಿಲೆಂಡಿನ ಇಬ್ಬರು ವಿದ್ವಾಂಸರು ಮಾಡಿದ್ದರು ಎಂದು ನನಗೆ ತಿಳಿದದ್ದು ಇದಾದ ಎಷ್ಟೋ ದಿನದ ಮೇಲೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಫೆರಾಂಟಿ ಮಾರ್ಕ್ 1 ಎಂಬ ಕೋಣೆಯಷ್ಟು ದೊಡ್ಡ ಕಂಪ್ಯೂಟರು ಇತ್ತು. ಅದರ ಕೈಪಿಡಿ ಬರೆದ ಅಲನ್ ಟ್ಯೂರಿಂಗ್, ಯಂತ್ರದ ಎಚ್ಚರಿಕೆಯ ಗಂಟೆಯಿಂದ ಸ್ವರ ಹೊರಡಿಸುವ ಬಗೆಯನ್ನು ಅದರಲ್ಲಿ ಹೇಳಿದ್ದರು. ಅದನ್ನು ಓದಿ ಯಂತ್ರಕ್ಕೆ ಹಾಡು ಕಲಿಸಿದವರು ಕ್ರಿಸ್ಟಫರ್ ಸ್ಟ್ರೇಚಿ. ಅವರು ಆಗ ಹ್ಯಾರೋ ಎಂಬಲ್ಲಿ ಶಾಲಾ ಮಾಸ್ತರರು, ನಮ್ಮ ಜಾತಿಯವರೇ! 1951ರಲ್ಲಿ ಬಿಬಿಸಿಯವರು ಬಂದು ಅದನ್ನು ತಟ್ಟೆಗೆ ಇಳಿಸಿಕೊಂಡರು. ಕಂಪ್ಯೂಟರಿನ ಸಂಗೀತದ ಧ್ವನಿಮುದ್ರಣಗಳಲ್ಲಿ ನಮಗೆ ಉಳಿದಿರುವ ಅತಿ ಹಳೆಯದು ಅದು.

2016ರಲ್ಲಿ ಜ್ಯಾಕ್ ಕೋಪ್‌ಲೆಂಡ್ ಮತ್ತು ಜೇಸನ್ ಲಾಂಗ್ ಆ ತಟ್ಟೆಯನ್ನು ಪರೀಕ್ಷಿಸಿದಾಗ ಅದರಲ್ಲಿದ್ದ ಸ್ವರಗಳು ಎಲ್ಲೋ ತಪ್ಪಿವೆ ಎನ್ನಿಸಿತು. ಆ ಯಂತ್ರ ಯಾವ ಯಾವ ಸ್ವರವನ್ನು ನುಡಿಸಬಲ್ಲದು ಎಂಬುದಕ್ಕೆ ಲೆಕ್ಕವಿತ್ತು, ತಟ್ಟೆಯಲ್ಲಿ ಕೇಳುತ್ತಿದ್ದವು ಆ ಲೆಕ್ಕದೊಳಗೆ ಇರಲಿಲ್ಲ. ಅಂದರೆ ಧ್ವನಿಮುದ್ರಣ ತಪ್ಪು ವೇಗದಲ್ಲಿ ಆಗಿತ್ತು. ಯಂತ್ರ ನುಡಿಸಲಾರದ ಸ್ವರ ಯಾವುದು ಎಂಬುದರಿಂದಲೇ ಸರಿಯಾದ ವೇಗವನ್ನು ಹಿಡಿದು, ಅದರ ಶ್ರುತಿಯನ್ನು ಮೊದಲಿನ ಜಾಗಕ್ಕೆ ತಂದರು. ಅರುವತ್ತೈದು ವರ್ಷ ಲೋಕವೆಲ್ಲ ಕೇಳಿದ್ದು ಬೇರೆ ಯಾವುದೋ ಶ್ರುತಿಯನ್ನು.

ಆ ತಟ್ಟೆಯ ಮಾಸ್ತರರ ಯಂತ್ರಕ್ಕೆ ಇಂಥ ಸಾಕ್ಷ್ಯ ಸಿಕ್ಕಿತು, ಮೇಡಂ ಪಾಠಕ್ಕೆ ನೋಟ್‌ಬುಕ್ಕು ಸಿಕ್ಕಿತು. ಗೌಹರ್ ಜಾನ್ ಹಾಡಿದ ದಿನ ಪಕ್ಕದಲ್ಲಿ ಗಡಿಯಾರ ಹಿಡಿದು ಯಾರೂ ಬರೆದಿಡಲಿಲ್ಲ. ಅವರ ಹಿಂದೆ ತಂಬೂರಿ ಮೀಟಿದವರಿಗೆ ಅದು ಎಷ್ಟು ಮನೆ ಎಂದು ಖಂಡಿತ ಗೊತ್ತಿದ್ದಿರಬೇಕು.

ಆ ವರ್ಷದ ಆರಾಧನೆ ಜನವರಿ 21ರ ಶನಿವಾರ ನಡೆಯಿತು. ಹುಡುಗಿಯರು ಐದು ಮನೆಯಲ್ಲೇ ಹಾಡಿದರು. ಪಾಠಗಳ ನಕಲು ಈಗ ಮೂರು ಕಡೆ ಇದೆ. ಒಂದು ಮೇಡಂ ಟ್ರಂಕಿನಲ್ಲಿ, ಒಂದು ನನ್ನ ಬೀರುವಿನಲ್ಲಿ, ಇನ್ನೊಂದು ತುಮಕೂರಿಗೆ ಮದುವೆಯಾಗಿ ಹೋದ ಅವರ ಹಳೆಯ ಶಿಷ್ಯೆಯ ಮನೆಯಲ್ಲಿ. ಯಾವ ಪ್ರೋಗ್ರಾಮಿನಲ್ಲಾದರೂ ತೆರೆಯುವಂತೆ ಒಂದೊಂದು ಪಾಠವನ್ನೂ ಸಾಧಾರಣ ಧ್ವನಿಕಡತವಾಗಿ ಹುಡುಗ ಮಾಡಿಕೊಟ್ಟಿದ್ದಾನೆ. ಅವನ ಸಲಹೆಯಂತೆ ಪ್ರತಿ ಪಾಠದ ಮೊದಲಿಗೂ ಹತ್ತು ಸೆಕೆಂಡ್ ಪಿಚ್ ಪೈಪಿನ ಐದನೆಯ ಸ್ವರವನ್ನು ಊದಿ ಸೇರಿಸಿದ್ದಾರೆ. ಹತ್ತಕ್ಕೆ ಬದಲು ಒಂಬತ್ತೇ ಸೆಕೆಂಡಿಗೆ ಮುಗಿದರೆ ವೇಗ ತಪ್ಪಿದೆ ಎಂದರ್ಥ.

ಮೊನ್ನೆ ಮೇಡಂಗೆ ಆ 1951ರ ಧ್ವನಿಮುದ್ರಣವನ್ನು ಫೋನಿನಲ್ಲಿ ಕೇಳಿಸಿದೆ. ಒಂದು ಹಾಡಿನ ನಡುವೆ ಯಂತ್ರ ಕೆಟ್ಟು ನಿಂತುಹೋಗುತ್ತದೆ. ಅಲ್ಲಿ ನಿಂತಿದ್ದ ಹೆಂಗಸೊಬ್ಬರು, ಪಾಪ ಇದಕ್ಕೆ ಇವತ್ತು ಮನಸ್ಸಿಲ್ಲ ಎಂಬರ್ಥದ ಮಾತಾಡಿ ನಗುವುದು ಕೇಳಿಸುತ್ತದೆ. ಮೇಡಂ ಆ ನಗುವನ್ನು ಎರಡು ಸಲ ಹಾಕಿಸಿಕೊಂಡು ಕೇಳಿದರು. ಆಮೇಲೆ ಬೀರು ತೆಗೆದು ಪಿಚ್ ಪೈಪ್ ಹುಡುಕತೊಡಗಿದರು.